ಒಂದೊಂದೇ ದಿಂಬು ತೆಗೆದೆ

ನಮ್ಮ ಬೀದಿಯಲ್ಲಿ ಕೂತ ಹೆಂಗಸು ಏಳುವುದು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಕೇಳುತ್ತದೆ. "ಅಯ್ಯಮ್ಮಾ!" ಎಂದು ಕೇಳಿದರೆ ಯಾರೋ ಎದ್ದರು ಎಂದರ್ಥ. ಗೋಡೆ ಹಿಡಿದು, ಮಂಡಿಯ ಮೇಲೆ ಕೈ ಊರಿ, ಪಕ್ಕದವಳ ಭುಜ ಜಗ್ಗಿ ಏಳುತ್ತೇವೆ. ಕೇಳಿದರೆ ವಯಸ್ಸಾಯಿತು ಎನ್ನುತ್ತೇವೆ. ಮೂವತ್ತೆಂಟಕ್ಕೇ ಹಾಗೆನ್ನುವವರೂ ಇದ್ದಾರೆ! ನನಗೆ ಐವತ್ತೆರಡು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ನಾನೇ.

ನಾನು ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಸಿದ ಮೇಲೆ ಕಾಲಿಗಿದ್ದ ಒಂದು ಕೆಲಸವೂ ಹೋಯಿತು. ಕುರ್ಚಿಯಿಂದ ಏಳಲು ಕಷ್ಟವಾದಾಗ ಒಂದು ದಿಂಬು ಹೊಲಿದು ಹಾಕಿಕೊಂಡೆ. ಕುರ್ಚಿ ಎತ್ತರವಾಯಿತು, ಏಳುವುದು ಸುಲಭವಾಯಿತು. ಮುಂದಿನ ವರ್ಷ ಇನ್ನೊಂದು ದಿಂಬು. ನಾನು ದರ್ಜಿ ತಾನೆ? ಅಳತೆ ಕೂಡದಿದ್ದರೆ ಹೊಲಿಗೆ ಬಿಚ್ಚಿ ಸರಿಮಾಡುತ್ತೇವೆ, ಮೈಯನ್ನು ಯಾರು ಸರಿಮಾಡುತ್ತಾರೆ? ಹಾಗೆ ನಾಲ್ಕು ದಿಂಬಾದವು. ಕೈಗೆ ಎಟುಕಲೆಂದು ಮಿಷನ್ನಿನ ಕೆಳಗೂ ಇಟ್ಟಿಗೆ ಇಟ್ಟೆ!

ನಮ್ಮ ಅತ್ತೆಗೆ ಎಂಬತ್ತೊಂದು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಮಂಚ ಹಿಡಿದಿದ್ದರು. ನಾಲಿಗೆ ಮಾತ್ರ ಮನೆಯೆಲ್ಲ ಓಡಾಡುತ್ತಿತ್ತು. ಹತ್ತೊಂಬತ್ತಕ್ಕೆ ನಾನು ಈ ಮನೆಗೆ ಬಂದಾಗ ನನಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ತಮ್ಮ ಮಿಷನ್ನಿನ ಮುಂದೆ ನನ್ನನ್ನು ಕೂರಿಸಿ, "ಇನ್ನು ಇದು ನಿನ್ನ ಜಾಗ ಕಣೇ" ಎಂದವರು ಅವರು. ನಾನು ಉಣ್ಣುವ ಪ್ರತಿ ತುತ್ತಿನಲ್ಲೂ ಅವರ ಋಣವಿದೆ.

ಒಂದು ಬೆಳಿಗ್ಗೆ ಅವರನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸಲು ಎತ್ತಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ತೊಡೆ ನಡುಗಿ ಮಂಡಿ ಮಡಚಿಕೊಂಡಿತು. ಇಬ್ಬರೂ ಮೆಲ್ಲಗೆ ಜಾರಿ ನೆಲಕ್ಕೆ ಕೂತೆವು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಆದರೆ ಏಳಲು ಇಬ್ಬರಿಗೂ ಆಗಲಿಲ್ಲ, ಕೂಗಿದರೂ ಯಾರಿಗೂ ಕೇಳಿಸಲಿಲ್ಲ. ಬಸ್ ಓಡಿಸುವ ನಮ್ಮ ಯಜಮಾನರು ಮಧ್ಯಾಹ್ನ ಊಟಕ್ಕೆ ಬರುವವರೆಗೆ ಮೂರು ಗಂಟೆ ನೆಲದ ಮೇಲೆಯೇ ಇದ್ದೆವು.

"ನನಗಾದ್ರೆ ಎಂಬತ್ತೊಂದು. ನಿನಗೇನು ಬಂತೇ ರೋಗ?" ಎಂದರು ಅತ್ತೆ. ನಕ್ಕೆ. ನಗುತ್ತಲೇ ಅಳು ಬಂತು.

ಸುದ್ದಿ ಕೇಳಿ ಮೈದುನ ಓಡಿ ಬಂದ. "ಅತ್ತಿಗೆ, ನಿಮ್ಮ ಮೇಲೆ ತಪ್ಪು ಹೊರಿಸ್ತಿಲ್ಲ. ನಮ್ಮದೋ ಒಂದೇ ಕೋಣೆ ಮನೆ. ವಯಸ್ಸಾದೋರನ್ನ ನೋಡಿಕೊಳ್ಳೋ ಜಾಗ ಒಂದಿದೆ. ಇನ್ನು ನಾಲ್ಕು ತಿಂಗಳಲ್ಲಿ ಅಲ್ಲಿ ಒಂದು ಹಾಸಿಗೆ ಖಾಲಿಯಾಗುತ್ತಂತೆ. ಅಮ್ಮನ್ನ ಅಲ್ಲಿಗೆ ಸೇರಿಸೋಣ."

"ಆಗಲಪ್ಪ" ಎಂದು ಅತ್ತೆ ಗೋಡೆ ಕಡೆ ಮುಖ ತಿರುಗಿಸಿದರು. ಅವರನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ.

ಅದೇ ವಾರ ಬೀದಿ ತುದಿಯ ಜಿಮ್ಮಿನಲ್ಲಿ ಹೆಂಗಸರಿಗೆ ಕಲಿಸುವ ಹುಡುಗಿ ಪ್ಯಾಂಟು ಹಿಡಿದು ಬಂದಳು.

"ಅಕ್ಕಾ, ತೊಡೆ ಹತ್ರ ಅರ್ಧ ಇಂಚು ಬಿಡಿಸಿಕೊಡಿ. ದಪ್ಪ ಆಗಿದೆ!"

ತೊಡೆ ದಪ್ಪವಾಯಿತೆಂದು ನಗುನಗುತ್ತಾ ಬಂದ ಗಿರಾಕಿಯನ್ನು ನಾನು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ. ಟೇಪು ಸುತ್ತಿದರೆ ಒಳಗೆ ಗಟ್ಟಿ ಮಾಂಸಖಂಡ. ಅವಳ ಕಣ್ಣು ನನ್ನ ಕುರ್ಚಿಯ ಮೇಲಿತ್ತು.

"ಇದೇನಕ್ಕಾ, ಸಿಂಹಾಸನವಾ?"

"ಕೂತರೆ ಏಳೋಕಾಗಲ್ಲ ತಾಯಿ. ಅದಕ್ಕೆ ದಿಂಬು."

"ಒಂದೊಂದು ದಿಂಬು ಹಾಕಿದಾಗಲೂ ಕಾಲಿನ ಕೆಲಸ ಅಷ್ಟು ಕಡಿಮೆ ಮಾಡಿದ್ದೀರಿ. ಕೆಲಸ ಇಲ್ಲದ ಮಾಂಸಖಂಡ ಕರಗುತ್ತೆ ಅಕ್ಕಾ. ವಯಸ್ಸಾದಂತೆ ಇನ್ನೂ ಬೇಗ."

ಒಳಗಿನಿಂದ ಅತ್ತೆಯ ದನಿ ಬಂತು: "ಕುಣಿಯಲಾರದವಳಿಗೆ ನೆಲ ಡೊಂಕು ಅಂತ ನಾನು ಹೇಳ್ತಾನೇ ಇದ್ದೆ!"

ನನಗೆ ರೇಗಿತು. "ದಿನವಿಡೀ ದುಡೀತೀನಲ್ಲ, ಅದು ಸಾಲದಾ?" ಎಂದೆ.

"ದುಡಿಯೋದು ಕೈ, ಬೆನ್ನು. ಕಾಲು ಕೂತೇ ಇರುತ್ತಲ್ಲಕ್ಕಾ. ಅದಕ್ಕೂ ಭಾರ ಹೊರಿಸಬೇಕು, ದಿನ ಹೋದಂತೆ ಸ್ವಲ್ಪಸ್ವಲ್ಪ ಹೆಚ್ಚಿಸಬೇಕು. ಆಗ ಮಾಂಸಖಂಡ ಬೆಳೆಯುತ್ತೆ, ಮೂಳೆಗೂ ಒಳ್ಳೇದು. ಐವತ್ತಾದ ಮೇಲೂ ಬೆಳೆಯುತ್ತೆ."

"ಮಂಡಿ ಸವೆದುಹೋದ್ರೆ?"

"ಸರಿಯಾಗಿ ಮಾಡಿದ್ರೆ ಮಂಡಿಗೆ ಆಸರೆ ಸಿಗುತ್ತೆ. ಮೊದಲು ಡಾಕ್ಟರ ಹತ್ರ ಬಿ.ಪಿ., ಮಂಡಿ ಎಲ್ಲ ತೋರಿಸಿಕೊಂಡು ಬನ್ನಿ."

"ಗಂಡಸರ ಥರ ಆಗಿಬಿಟ್ರೆ?"

ಅವಳು ನಕ್ಕಳು. "ನಾನು ಆರು ವರ್ಷದಿಂದ ಭಾರ ಎತ್ತುತ್ತಿದ್ದೀನಿ. ಮೀಸೆ ಬಂದಿದೆಯಾ ನೋಡಿ!"

ಯಜಮಾನರು ಮಾತ್ರ, "ಈ ವಯಸ್ಸಲ್ಲಿ ಜಿಮ್ಮಾ? ನಾಲ್ಕು ಜನ ನಗ್ತಾರೆ" ಎಂದರು. "ನಾವು ನೆಲದ ಮೇಲೆ ಕೂತಿದ್ದಾಗ ಆ ನಾಲ್ಕು ಜನ ಎತ್ತೋಕೆ ಬಂದಿದ್ರಾ?" ಎಂದೆ.

ಡಾಕ್ಟರು ಆಗಬಹುದು ಎಂದ ಮೇಲೆ ವಾರಕ್ಕೆ ಎರಡು ದಿನ ಹೋಗತೊಡಗಿದೆ. ನಡುವೆ ಕಾಲಿಗೆ ಬಿಡುವು ಬೇಕಂತೆ. ಅಲ್ಲಿ ಒರಗಿ ಕೂತು ಎದುರಿನ ಹಲಗೆಯನ್ನು ಪಾದದಿಂದ ದೂಡುವ ಮಿಷನ್ನಿದೆ, ಲೆಗ್ ಪ್ರೆಸ್ ಎನ್ನುತ್ತಾರೆ. ಮೊದಲ ದಿನ ಅದಕ್ಕೆ ಭಾರವನ್ನೇ ಹಾಕಲಿಲ್ಲ. ಬರೀ ಹಲಗೆ ದೂಡಿದ್ದಕ್ಕೇ ಬೆವರು ಕಿತ್ತುಬಂತು! ಮಂಡಿ ಬಾಗಿಸಿ ಹಿಮ್ಮಡಿಯನ್ನು ಹಿಂದಕ್ಕೆ ಎಳೆಯುವ ಮಿಷನ್ನು ಇನ್ನೊಂದು. ಆಮೇಲೆ ಪುಟ್ಟ ಡಂಬೆಲ್ ಒಂದನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬೆಂಚಿನ ಮೇಲೆ ಕೂರುವುದು, ಏಳುವುದು.

"ಏಳುವಾಗ ಉಸಿರು ಬಿಡಿ ಅಕ್ಕಾ, ಕಟ್ಟಬೇಡಿ. ಮಂಡಿ ಒಳಕ್ಕೆ ವಾಲಬಾರದು. ಬೆನ್ನು ನೆಟ್ಟಗೆ."

ಎರಡು ದಿನ ಮೆಟ್ಟಿಲು ಇಳಿಯುವಾಗೆಲ್ಲ ತೊಡೆಗಳು ನನ್ನನ್ನು ಬೈದವು. "ಈ ನೋವು ತಾನಾಗೇ ಹೋಗುತ್ತೆ. ಮಂಡಿಯೊಳಗೆ ಚುಚ್ಚಿದ ಹಾಗಾದ್ರೆ ಮಾತ್ರ ತಕ್ಷಣ ನಿಲ್ಲಿಸಿ ನನಗೆ ಹೇಳಿ" ಎಂದಳು ಹುಡುಗಿ. ಊಟದಲ್ಲಿ ಬೇಳೆ, ಮೊಟ್ಟೆ, ಹಾಲು ಹೆಚ್ಚಿಸಲು ಹೇಳಿದಳು. ಮನೆಯಲ್ಲಿ ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ತಿನ್ನುವ ನನ್ನ ಅಭ್ಯಾಸವನ್ನೂ ಅವಳೇ ಬಿಡಿಸಿದಳು.

ಒಂದು ತಿಂಗಳಿಗೆ ಮೊದಲ ದಿಂಬು ತೆಗೆದೆ. ಹನಿಹನಿ ಗೂಡಿದರೆ ಹಳ್ಳ ಎನ್ನುತ್ತಾರಲ್ಲ, ಡಂಬೆಲ್ಲಿನ ಭಾರವೂ ಹಾಗೇ ಏರಿತು. ಎರಡನೇ ದಿಂಬು ಹೋಯಿತು. ಒಂದು ವಾರ ಉಮೇದಿಗೆ ಬಿದ್ದು ಒಮ್ಮೆಗೇ ಎರಡರಷ್ಟು ಭಾರ ಹಾಕಿಕೊಳ್ಳಲು ಹೋಗಿ ಅವಳಿಂದ ಚೆನ್ನಾಗಿ ಬೈಸಿಕೊಂಡೆ. ನೆಲದಿಂದ ಭಾರ ಎತ್ತುವುದನ್ನು ಕಲಿತ ಮೇಲೆ ಅವಳೇ ಮನೆಗೆ ಬಂದು, ಅತ್ತೆಯ ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಎಲ್ಲಿ ಹಿಡಿಯಬೇಕು, ಕಾಲು ಎಲ್ಲಿಡಬೇಕು ಎಂದು ತೋರಿಸಿಕೊಟ್ಟಳು. ಇದಕ್ಕೆಲ್ಲ ಅವಳು ಏನನ್ನೂ ಕೇಳಲಿಲ್ಲ. ಅವಳ ಹೊಟ್ಟೆ ತಣ್ಣಗಿರಲಿ.

ಅತ್ತೆಗೆ ಮಾತ್ರ ಸಮಾಧಾನವಿಲ್ಲ; ಬಿದ್ದ ದಿನದಿಂದ ಯಜಮಾನರೇ ಎತ್ತಬೇಕು, ನನ್ನಿಂದ ಎತ್ತಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. "ನನ್ನ ಎತ್ತೋಕೆ ಅಂತ ನೀನು ಕಬ್ಬಿಣ ಎತ್ತಬೇಕಾ? ನಾನು ಹೋಗ್ತೀನಿ ಬಿಡೇ. ನಿನ್ನ ಸೊಂಟ ನನ್ನಿಂದ ಮುರಿಯೋದು ಬೇಡ" ಎನ್ನುತ್ತಿದ್ದರು.

ನಾಲ್ಕನೇ ತಿಂಗಳು ಮೈದುನ ಕಾರು ಮಾಡಿಕೊಂಡು ಬಂದ. ಅತ್ತೆ ಬಟ್ಟೆಬರೆ ಚೀಲಕ್ಕೆ ತುಂಬಿಸಿಕೊಂಡು ಮಂಚದ ಮೇಲೆ ಕೂತಿದ್ದರು. ಆ ಹೊತ್ತಿಗೆ ನನ್ನ ಕುರ್ಚಿಯ ಮೇಲೆ ದಿಂಬೇ ಇರಲಿಲ್ಲ, ಮಿಷನ್ನಿನ ಕೆಳಗೆ ಇಟ್ಟಿಗೆಯೂ ಇರಲಿಲ್ಲ.

"ಒಂದು ನಿಮಿಷ ನಿಲ್ಲಪ್ಪ" ಎಂದೆ. ಪಟ್ಟಿ ಕಟ್ಟಿದೆ. ಕಾಲು ಅಗಲಿಸಿ, ಸೊಂಟ ಇಳಿಸಿ, ಅತ್ತೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಉಸಿರು ಬಿಡುತ್ತಾ ಎದ್ದೆ. ಕಾಲು ನಡುಗಲಿಲ್ಲ. ಆದರೆ ಇದೇನು, ಅತ್ತೆ ಇಷ್ಟು ಹಗುರ? ಕೆಳಗೆ ನೋಡಿದೆ. ಅವರ ಎರಡೂ ಪಾದಗಳು ನೆಲವನ್ನು ಒತ್ತುತ್ತಿದ್ದವು. ಅವರೂ ಏಳುತ್ತಿದ್ದರು!

"ಅತ್ತೆ, ಇದು ಯಾವಾಗಿಂದ?"

"ಆಸ್ಪತ್ರೆಯೋರು ಹೇಳಿಕೊಟ್ಟಿದ್ದ ಕಾಲಿನ ವ್ಯಾಯಾಮ ಇತ್ತಲ್ಲ, ನಾನೇ ಬಿಟ್ಟುಬಿಟ್ಟಿದ್ದೆ. ನೀನು ಜಿಮ್ಮಿಗೆ ಹೋದಾಗೆಲ್ಲ ಮಂಚದ ಮೇಲೆ ಕೂತು ಮಾಡಿದೆ. ಸೊಸೆ ಒಬ್ಬಳೇ ದುಡಿಯೋದನ್ನ ನೋಡ್ತಾ ಕೂರೋಕಾಗುತ್ತೇನೇ?"

ಮೈದುನ ಕಣ್ಣೊರೆಸಿಕೊಂಡು ಚೀಲಕ್ಕೆ ಕೈ ಹಾಕಿದ. "ಎಲ್ಲಿಗೋ ಒಯ್ತೀಯಾ ಅದನ್ನ?" ಎಂದು ಅತ್ತೆ ಗದರಿದರು. "ಬಿಚ್ಚಿ ಬಟ್ಟೆ ಎಲ್ಲ ಬೀರುವಿನಲ್ಲಿಡು. ಡ್ರೈವರ್‌ಗೆ ಕಾಫಿ ಕೊಟ್ಟು ಕಳಿಸು. ನಾನು ನನ್ನ ಮನೇಲಿ ಇರ್ತೀನಿ."

ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಅವರ ಕಾಲು ಮುಟ್ಟಿ ಅತ್ತುಬಿಟ್ಟೆ. ನನಗೆ ಜಾಗ ಕೊಟ್ಟವರ ಜಾಗ ಉಳಿಯಿತು. ಆ ಹುಡುಗಿಗೆ, ಡಾಕ್ಟರಿಗೆ, ನನ್ನ ಈ ಎರಡು ಕಾಲಿಗೆ ಎಷ್ಟು ಕೈಮುಗಿದರೂ ಸಾಲದು.

ಅಕ್ಕತಂಗಿಯರೇ, ಇದನ್ನು ಓದುತ್ತಿರುವ ನೀವು ಕೂತೇ ಇದ್ದೀರಿ ಅಲ್ಲವೇ? ಒಮ್ಮೆ ಕೈ ಊರದೆ ಎದ್ದು ನೋಡಿ. ಆಗದಿದ್ದರೆ ನಾಚಿಕೆ ಬೇಡ, ನಾಳೆಗೆ ಹಾಕಲೂ ಬೇಡಿ. ಡಾಕ್ಟರನ್ನು ಕೇಳಿ, ತಿಳಿದವರಿಂದ ಕಲಿಯಿರಿ. ಹಗುರವಾದ ಭಾರದಿಂದ ಶುರುಮಾಡಿ, ನಿಧಾನವಾಗಿ ಏರಿಸಿ. ಹತ್ತಿರ ಜಿಮ್ಮಿಲ್ಲದಿದ್ದರೆ ಗಟ್ಟಿ ಕುರ್ಚಿಯೊಂದು, ನೀರು ತುಂಬಿದ ಬಾಟಲಿಗಳೆರಡು ಸಾಕು. ನಿಮ್ಮನ್ನು ನಂಬಿಕೊಂಡವರು ಮನೆಯಲ್ಲಿದ್ದಾರೆ. ಅವರಿಗಾಗಿ, ಅದಕ್ಕೂ ಮೊದಲು ನಿಮಗಾಗಿ, ಎದ್ದೇಳಿ.