ಬಲಬದಿಯ ಗಿಟಾರು

"ನಿಮ್ಮ ಕಿವಿಯಲ್ಲಿ ಎಂತ, ಹತ್ತಿ ಉಂಟಾ? ಒಂಬತ್ತು ಹಾಡು ಉಂಟು, ಒಂಬತ್ತರಲ್ಲೂ ನಾನು ಬಾರಿಸಿದ್ದೇನೆ!"

"ಬಾರಿಸಿದ್ದರೆ ಕೇಳಬೇಕಲ್ಲ ಮಾರಾಯ! ನಾನು ಕನಸು ಕಂಡು ಬರೆಯಬೇಕಾ? ಗಿಟಾರು ಇಲ್ಲ ಅಂದರೆ ಇಲ್ಲ!"

"ಉಂಟು!"

"ಇಲ್ಲ! ನನ್ನ ಅಂಗಡಿಯಲ್ಲಿ ನಿಂತು ನನಗೇ ಬೊಬ್ಬೆ ಹಾಕ್ತೀಯಾ? ಇಳಿ ಕೆಳಗೆ!"

ಉರ್ವ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿದ್ದ 'ಗುಣಪಾಲ ಸೌಂಡ್ಸ್' ಅಂಗಡಿಯಿಂದ ಹೊರಟ ಈ ಮಾತುಗಳು ಮೀನು ಮಾರುವ ಹೆಂಗಸರ ತನಕ ಮುಟ್ಟಿದವು. ಗುಣಪಾಲ ಶೆಟ್ಟರ ಗಂಟಲಿಗೆ ಮೈಕು ಬೇಡ. ಮದುವೆ, ಮೆಹಂದಿ, ಶಾಲಾ ವಾರ್ಷಿಕೋತ್ಸವ ಎಂದು ಇಪ್ಪತ್ತೇಳು ವರ್ಷಗಳಿಂದ ಊರಿಗೆಲ್ಲ ಸ್ಪೀಕರು ಬಾಡಿಗೆಗೆ ಕೊಡುತ್ತ ಬಂದವರು ಅವರು. ಕಳೆದ ಒಂದು ವರ್ಷದಿಂದ ಅವರಿಗೆ ಇನ್ನೊಂದು ಹೆಸರೂ ಬಂದಿತ್ತು. ಕರಾವಳಿಯ ಹುಡುಗರು ಸಿನಿಮಾದ ಹಂಗಿಲ್ಲದೆ, ಕಂಪೆನಿಯ ಹಂಗಿಲ್ಲದೆ, ತಮ್ಮ ತಮ್ಮ ಕೋಣೆಗಳಲ್ಲೇ ಮಾಡಿ ಬಿಡುವ ರಾಕ್ ಆಲ್ಬಮ್‌ಗಳಿಗೆ ಅವರೀಗ ವಿಮರ್ಶಕರು.

ಅದಕ್ಕೆ ಕಾರಣ ಅಕ್ಕನ ಮಗಳು ನಿರೀಕ್ಷಾ. ಅವಳು ಹೊಸ ಆಲ್ಬಮ್‌ಗಳ ಬಗ್ಗೆ ಬರೆಯುವ ಒಂದು ಪುಟವನ್ನು ಅಂತರ್ಜಾಲದಲ್ಲಿ ನಡೆಸುತ್ತಿದ್ದಳು. ಒಮ್ಮೆ ದೊಡ್ಡ ಸ್ಪೀಕರಿನಲ್ಲಿ ಕೇಳೋಣವೆಂದು ಮಾಮನ ಅಂಗಡಿಯಲ್ಲಿ ಒಂದು ಆಲ್ಬಮ್ ಹಾಕಿದಾಗ ಮಾಮ ಬೈದರು. ಬೈದದ್ದನ್ನು ಅಕ್ಷರವೂ ಬಿಡದೆ ಟೈಪು ಮಾಡಿ ಹಾಕಿದಳು: "ಎರಡನೇ ಹಾಡು ಸ್ಟೇಟ್‌ಬ್ಯಾಂಕಿಗೆ ಹೊರಟ ಸಿಟಿ ಬಸ್ಸಿನ ಹಾಗೆ. ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತದೆ, ಕೊನೆಯ ಸ್ಟಾಪು ಸ್ಟೇಟ್‌ಬ್ಯಾಂಕು ಮಾತ್ರ ಬರುವುದಿಲ್ಲ." ಜನ ಬಿದ್ದು ಬಿದ್ದು ಓದಿದರು. ಅಂದಿನಿಂದ ಮಾಮ ಕೇಳುವುದು, ಕೂಗುವುದು, ನಿರೀಕ್ಷಾ ಬರೆದುಕೊಳ್ಳುವುದು. ಹೀಗೆ ಇಪ್ಪತ್ತೊಂದು ಆಲ್ಬಮ್ ಆಗಿತ್ತು. ಇಪ್ಪತ್ತೊಂದನೆಯದು 'ತೊರಕೆ' ಎಂಬ ಬ್ಯಾಂಡಿನದು.

ತೊರಕೆ ಎಂದರೆ ಒಂದು ಜಾತಿಯ ಮೀನು. ಆ ಬ್ಯಾಂಡಿನ ಗಿಟಾರಿನವನು ವಿಭವ, ಪೂಜೆಯ ಭಟ್ಟರ ಮನೆಯ ಹುಡುಗ. ಮನೆಯಲ್ಲಿ ಆ ಹೆಸರೆತ್ತಲಾಗದೆ "ನಮ್ಮ ಬ್ಯಾಂಡ್" ಎಂದಷ್ಟೇ ಹೇಳಿ ನಾಲ್ಕು ವರ್ಷ ದೂಡಿದ್ದ. ಈಗ ಅಂಗಡಿಯ ಮೆಟ್ಟಿಲ ಮೇಲೆ ಕೆಂಪು ಕಣ್ಣು ಮಾಡಿಕೊಂಡು ನಿಂತವನು ಅವನೇ. ಅವನ ಸಿಟ್ಟಿಗೆ ಕಾರಣವಿತ್ತು. ಸೋಮವಾರ ಬಂದ ವಿಮರ್ಶೆಯಲ್ಲಿ ಹೀಗಿತ್ತು: "ಈ ಬ್ಯಾಂಡಿನಲ್ಲಿ ಗಿಟಾರು ಇಲ್ಲ. ಫೋಟೋದಲ್ಲಿ ಒಬ್ಬ ಹಿಡಿದುಕೊಂಡು ನಿಂತಿದ್ದಾನೆ. ಅದನ್ನು ಕೆಳಗಿಟ್ಟು ಸ್ಪೀಕರು ಹೊರಲು ಬಂದರೆ ನಮಗೂ ಉಪಕಾರ." ಅದನ್ನು ಓದಿದ ಹಾಡುಗಾರ ಶೆರ್ವಿನ್, "ಜನರಿಗೆ ಗಿಟಾರು ಬೇಡವಂತೆ. ಭಾನುವಾರ ಉಳ್ಳಾಲದ ಶೋಗೆ ನೀನು ಬರಬೇಡ" ಎಂದುಬಿಟ್ಟಿದ್ದ. ಇವತ್ತು ಶುಕ್ರವಾರ. ವಿಮರ್ಶೆ ತಿದ್ದದಿದ್ದರೆ ವಿಭವ ಬ್ಯಾಂಡಿನಿಂದ ಹೊರಗೆ.

ಶೆರ್ವಿನ್ ಕೂಡ ಅಲ್ಲೇ ಇದ್ದ. ಜಗಳ ಬಿಡಿಸುತ್ತೇನೆಂದು ಸ್ಕೂಟರಿನಲ್ಲಿ ಬೆನ್ನಿಗೇ ಬಂದವನು ಒಂದು ಸ್ಪೀಕರಿನ ಮೇಲೆ ಕಾಲಾಡಿಸುತ್ತ ಕುಳಿತು ನಗುತ್ತಿದ್ದ.

"ಬಿಡಿ ಅಂಕಲ್, ಅವನಿಗೆ ಬೇಜಾರಾಗಿದೆ. ನೀವು ಬರೆದದ್ದು ಸರಿಯೇ ಉಂಟು."

"ಸರಿ ಇಲ್ಲದ್ದು ನಾನು ಬರೆಯುವುದೇ ಇಲ್ಲ" ಎಂದರು ಶೆಟ್ಟರು.

ಶೆರ್ವಿನ್‌ಗೆ ನಗಲು ಬೇಕಾದಷ್ಟಿತ್ತು. ಅದೇ ವಿಮರ್ಶೆ ಅವನನ್ನು ತಲೆಯ ಮೇಲೆ ಹೊತ್ತಿತ್ತು. "ಮೂರನೇ ಹಾಡಿನ ನಡುವೆ ಈ ಹುಡುಗ ಹಾಡುವುದನ್ನು ನಿಲ್ಲಿಸಿ ಅರ್ಧ ನಿಮಿಷ ಸುಮ್ಮನಿರುತ್ತಾನೆ. ಡ್ರಮ್ ಮಾತ್ರ ಮೆಲ್ಲ ನಡೆಯುತ್ತದೆ. ಆ ಮೌನಕ್ಕೆ ಎದೆ ಬೇಕು. ಇಪ್ಪತ್ತೊಂದು ಆಲ್ಬಮ್‌ನಲ್ಲಿ ಇಂಥ ಮೌನ ನಾನು ಕೇಳಿಲ್ಲ." ಈ ನಾಲ್ಕು ಸಾಲು ಊರಿಡೀ ಓಡಾಡಿ, ಉಳ್ಳಾಲದ ಶೋದ ಟಿಕೇಟೆಲ್ಲ ಖರ್ಚಾಗಿತ್ತು. ಮಂಗಳವಾರ ಶೆರ್ವಿನ್ ಒಂದು ಡಬ್ಬಿ ಹಲ್ವ ತಂದುಕೊಟ್ಟು ಶೆಟ್ಟರ ಕಾಲಿಗೆ ಬೀಳುವುದೊಂದು ಬಾಕಿ ಇಟ್ಟು ಹೋಗಿದ್ದ.

ವಿಭವ ಚೀಲದಿಂದ ಹೆಡ್‌ಫೋನು ತೆಗೆದ. "ಗುಣಪಾಲಣ್ಣ, ಒಂದು ಸಲ ಇದರಲ್ಲಿ ಕೇಳಿ. ಆಮೇಲೆ ನಾಲ್ಕು ಬಡಿಯಿರಿ ಬೇಕಾದರೆ."

"ಕಿವಿಗೆ ಚಿಪ್ಪು ಕಟ್ಟಿಕೊಂಡು ಹಾಡು ಕೇಳುವವ ನಾನಲ್ಲ."

"ಕಟ್ಟಿಕೊಳ್ಳಿ ಮಾಮ" ಎಂದಳು ನಿರೀಕ್ಷಾ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. "ಮೀನಿನವರು ವ್ಯಾಪಾರ ಬಿಟ್ಟು ನೋಡ್ತಾ ಇದ್ದಾರೆ."

ಶೆಟ್ಟರು ಕಟ್ಟಿಕೊಂಡರು. ವಿಭವ ಮೂರನೇ ಹಾಡು ಹಾಕಿದ. ಶೆಟ್ಟರ ಹುಬ್ಬು ಮೊದಲು ಮೇಲೆ ಹೋಯಿತು, ಆಮೇಲೆ ಕೆಳಗೆ ಬಂತು. ಎರಡು ನಿಮಿಷ ಬಿಟ್ಟು ಕಿತ್ತು ಮೇಜಿನ ಮೇಲಿಟ್ಟರು.

"ನಿನ್ನ ಹೆಡ್‌ಫೋನು ಹಾಳಾಗಿದೆ. ಇಲ್ಲದ ಶಬ್ದವೆಲ್ಲ ಬರ್ತಾ ಉಂಟು."

"ಅದೇ ಗಿಟಾರು!"

"ಮತ್ತೆ ನನ್ನ ಸ್ಪೀಕರಿನಲ್ಲಿ ಯಾಕೆ ಬರುವುದಿಲ್ಲ? ಒಂದೂವರೆ ಸಾವಿರ ಜನರ ಹಾಲ್ ತುಂಬಿಸುವ ಸ್ಪೀಕರು ಅದು!"

ಈ ಪ್ರಶ್ನೆಗೆ ನಿರೀಕ್ಷಾ ಎದ್ದಳು. ಎರಡು ಸ್ಪೀಕರುಗಳ ವಯರು ಹಿಡಿದುಕೊಂಡು ಹಿಂದೆ ಹಿಂದೆ ಹೋದಳು. ಎರಡೂ ಬಂದು ಸೇರಿದ್ದು ಒಂದೇ ಪಿನ್ನಿಗೆ. ಪಕ್ಕದಲ್ಲಿ ಇನ್ನೊಂದು ಪಿನ್ನು ಕರಿ ಟೇಪು ಸುತ್ತಿಸಿಕೊಂಡು ಮಲಗಿತ್ತು.

"ಮಾಮ, ಇದೆಂತ?"

"ಅದು ಬಲಬದಿಯದು. ಅದನ್ನು ಮುಟ್ಟಬೇಡ."

"ಯಾಕೆ?"

ಶೆಟ್ಟರು ಉತ್ಸಾಹದಿಂದಲೇ ಹೇಳಿದರು. ಹದಿನೈದು ವರ್ಷದ ಹಿಂದೆ ಜೆಪ್ಪುವಿನ ಒಂದು ಹಾಲ್‌ನಲ್ಲಿ ಮದುವೆ. ಎಡಗಡೆ ಗಂಡಿನವರು, ಬಲಗಡೆ ಹೆಣ್ಣಿನವರು. ಊಟದ ಹೊತ್ತಿಗೆ ಹಾಕಿದ ಹಾಡಿನಲ್ಲಿ ಗಂಡಸಿನ ದನಿಯೆಲ್ಲ ಎಡದ ಸ್ಪೀಕರಿನಲ್ಲಿ, ಹೆಂಗಸಿನ ದನಿಯೆಲ್ಲ ಬಲದಲ್ಲಿ. "ನಮ್ಮ ಬದಿಗೆ ಅರ್ಧ ಹಾಡು ಕೊಟ್ಟು ಮರ್ಯಾದೆ ತೆಗೆದರು" ಎಂದು ಗಂಡಿನ ಸೋದರಮಾವ ಎಲೆ ಬಿಟ್ಟು ಎದ್ದ. ಅವತ್ತು ರಾತ್ರಿಯೇ ಶೆಟ್ಟರು ಬಲದ ವಯರಿಗೆ ಟೇಪು ಸುತ್ತಿ, ಎಡದ್ದನ್ನೇ ಎರಡೂ ಸ್ಪೀಕರಿಗೆ ಹಂಚಿದರು.

"ಆಗ ಬಲಬದಿಯಲ್ಲಿದ್ದದ್ದು ಯಾರಿಗೂ ಕೇಳುವುದಿಲ್ಲವಲ್ಲ!" ಎಂದಳು ನಿರೀಕ್ಷಾ.

"ಯಾರಿಗೂ ಸಿಗದಿದ್ದರೆ ಜಗಳ ಇಲ್ಲವಲ್ಲ! ಹದಿನೈದು ವರ್ಷದಲ್ಲಿ ಒಬ್ಬನೂ ಎಲೆ ಬಿಟ್ಟು ಎದ್ದಿಲ್ಲ."

ಹೇಳಿ ಮುಗಿಸಿದ ಮೇಲೆ ಅವರಿಗೇ ಏನೋ ಹೊಳೆಯಿತು. ಹುಡುಗನ ಕಡೆ ತಿರುಗಿದರು.

"ವಿಭವ, ನಿನ್ನ ಗಿಟಾರು ಯಾವ ಬದಿಯಲ್ಲಿ ಉಂಟು?"

"ಪೂರ್ತಿ ಬಲಕ್ಕೆ. ಎಲ್ಲರದ್ದನ್ನೂ ಸೇರಿಸಿ ಮಿಕ್ಸ್ ಮಾಡಿದ್ದು ಶೆರ್ವಿನ್. ನಡುವಿನ ಜಾಗ ಹಾಡುವವನಿಗೆ ಬೇಕು ಅಂತ ನನ್ನನ್ನು ಗೋಡೆಗೆ ಒತ್ತಿಬಿಟ್ಟ."

"ಎಂಥ ಸಾವು ಮಾರಾಯ" ಎಂದು ಶೆಟ್ಟರು ತಾವೇ ಕೆಳಗೆ ಕುಳಿತು, ಉಗುರಿನಿಂದ ಟೇಪು ಕಿತ್ತು, ಬಲದ ವಯರನ್ನು ಬಲದ ಸ್ಪೀಕರಿಗೆ ಸಿಕ್ಕಿಸಿದರು. ಮೂರನೇ ಹಾಡು ಮೊದಲಿನಿಂದ ಶುರುವಾಯಿತು.

ಅಂಗಡಿಯ ಬಲದ ಗೋಡೆಯಿಂದ ಗಿಟಾರು ಎದ್ದು ಬಂತು. ಶೆರ್ವಿನ್‌ನ ಹಾಡು ನಡುವೆ ನಿಂತಿತು. ಶೆಟ್ಟರು ಎದೆ ತುಂಬಿ ಹೊಗಳಿದ ಆ ಅರ್ಧ ನಿಮಿಷ ಬಂತು. ಅಲ್ಲಿ ಮೌನವಿರಲಿಲ್ಲ. ಮೂರು ಸ್ವರಗಳನ್ನು ಹಿಡಿದುಕೊಂಡು ಗಿಟಾರು ಮೆಲ್ಲಗೆ ಏರುತ್ತ ಹೋಯಿತು. ಇನ್ನು ಏರಲಾರದು ಅನ್ನುವಲ್ಲಿ ಒಮ್ಮೆ ತಡೆದು, ಮತ್ತೆ ಏರಿತು. ಗಲ್ಲಿಯಲ್ಲಿ ಯಾರೋ ಸ್ಕೂಟರು ನಿಲ್ಲಿಸಿದರು. ಹಾಡು ಮುಗಿಯಿತು. ಶೆಟ್ಟರು ಮತ್ತೊಮ್ಮೆ ಹಾಕಿದರು. ಅದೂ ಮುಗಿದ ಮೇಲೆ ವಿಭವನ ಬೆನ್ನಿಗೊಂದು ಗುದ್ದು ಬಿತ್ತು. ಅಷ್ಟು ಜೋರಿನ ಹೊಗಳಿಕೆ ಆ ಹುಡುಗನಿಗೆ ಎಂದೂ ಸಿಕ್ಕಿರಲಿಲ್ಲ.

"ಬರಿ ನಿರೀಕ್ಷಾ. 'ತಪ್ಪಾಯಿತು. ಗುಣಪಾಲ ಒಂದು ವರ್ಷದಿಂದ ಅರ್ಧ ಹಾಡು ಕೇಳಿ ಪೂರ್ತಿ ಬೈದಿದ್ದಾನೆ. ತೊರಕೆ ಬ್ಯಾಂಡಿನಲ್ಲಿ ಗಿಟಾರು ಉಂಟು, ಇಪ್ಪತ್ತೊಂದು ಆಲ್ಬಮ್‌ನಲ್ಲಿ ಅಂಥದ್ದು ಇನ್ನೊಂದಿಲ್ಲ'... ಅಲ್ಲ, ಅದು ಹೇಳುವ ಹಾಗಿಲ್ಲ. ಬಾಕಿ ಇಪ್ಪತ್ತನ್ನೂ ಮತ್ತೆ ಕೇಳಬೇಕು."

ನಿರೀಕ್ಷಾ ನಗು ತಡೆಯಲಾಗದೆ ಮೇಜಿಗೆ ತಲೆಯಿಟ್ಟಳು. "ಆ ಸುರತ್ಕಲ್ಲಿನವರಿಗೆ 'ಹಾಡುವವಳಿಗೆ ಗಂಟಲು ನೋವಾ' ಅಂತ ಬರೆಸಿದ್ದೀರಿ ಮಾಮ!"

"ಅವಳಿಗೂ ಕ್ಷಮೆ ಕೇಳುವ. ಬರಿ."

ಶೆರ್ವಿನ್ ಸ್ಪೀಕರಿನಿಂದ ಇಳಿದ. "ಅಂಕಲ್, ಒಂದು ಮಾತು. ಈಗ ಹಾಕಬೇಡಿ. ಸೋಮವಾರ ಹಾಕಿ. ಭಾನುವಾರ ಜನ ಬರುವುದು ಆ ಮೌನ ಕೇಳಲಿಕ್ಕೆ."

ಶೆಟ್ಟರು ನಿಧಾನವಾಗಿ ಅವನತ್ತ ತಿರುಗಿದರು. "ಹೌದಲ್ಲ. ಮಂಗಳವಾರ ನೀನು ಇಲ್ಲಿ ಕುಳಿತು ನನಗೆ ಎಂತ ಹೇಳಿದ್ದು? ಆ ಮೌನವನ್ನು ಯೋಚಿಸಲು ಮೂರು ತಿಂಗಳು ಹಿಡಿಯಿತು ಅಂದಿಯಲ್ಲ?"

"ನೀವೇ ಹೊಗಳಿದಿರಿ. ನಾನು ಇಲ್ಲ ಅನ್ನಬೇಕಿತ್ತಾ?"

"ಅನ್ನಬೇಕಿತ್ತು! ನನಗೆ ಕೇಳಲಿಲ್ಲ, ನಾನು ಪೆದ್ದ. ನಿನಗೆ ಗೊತ್ತಿತ್ತಲ್ಲ, ಅಲ್ಲಿ ಇವನು ಬಾರಿಸಿದ್ದಾನೆ ಅಂತ! ಗೊತ್ತಿದ್ದೂ ಇವನನ್ನು ಹೊರಗೆ ಹಾಕಿದೆಯಲ್ಲ?"

"ಹಾಡುವವನು ನಾನು. ಬ್ಯಾಂಡ್ ಅಂದರೆ ನಾನು." ಶೆರ್ವಿನ್‌ನ ನಗು ಈಗ ಪೂರ್ತಿ ಹೋಗಿತ್ತು. "ಭಾನುವಾರ ಸ್ಟೇಜಿನಲ್ಲಿ ನೀನಿದ್ದರೆ ನಾನಿಲ್ಲ. ಯೋಚನೆ ಮಾಡು ವಿಭವ."

ವಿಭವ ಯೋಚಿಸಿದ. ಬಹಳ ಹೊತ್ತು ಬೇಕಾಗಲಿಲ್ಲ. "ನಾನಿರುತ್ತೇನೆ" ಎಂದ.

ಶೆರ್ವಿನ್ ಮೆಟ್ಟಿಲು ಹಾರಿ, ಸ್ಕೂಟರು ಒದ್ದು, ಮೀನಿನವರು ಬೈಯುವಷ್ಟು ಹೊಗೆ ಬಿಟ್ಟು ಗಲ್ಲಿ ದಾಟಿದ.

"ಹೆಲ್ಮೆಟ್ ಬಿಟ್ಟು ಹೋಗಿದ್ದಾನೆ" ಎಂದಳು ನಿರೀಕ್ಷಾ. "ಲೇಡಿಹಿಲ್ಲಿನಲ್ಲಿ ಪೊಲೀಸರನ್ನು ಕಂಡು ವಾಪಸು ಬರ್ತಾನೆ ನೋಡಿ."

ವಿಭವ ಡ್ರಮ್ ಬಾರಿಸುವ ಆಂಡ್ರಿಯಾಳಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದ. ಅವಳ ದನಿ ಅಂಗಡಿಯಿಡೀ ಕೇಳಿತು: "ಹೋದನಾ? ಮತ್ತೆಂತ, ನಾಲ್ಕು ಹಾಡು ನಾನು ಹೇಳ್ತೇನೆ. ಉಳಿದದ್ದನ್ನೆಲ್ಲ ನೀನು ಗಿಟಾರಿನಲ್ಲೇ ಬಾರಿಸು!"

ಹೆಲ್ಮೆಟ್ಟಿಗೆ ಶೆರ್ವಿನ್ ಬರುತ್ತಾನೇನೋ ಎಂದು ಶೆಟ್ಟರು ಒಂದು ಗಂಟೆ ಕಾದರು. ಆಮೇಲೆ ಹಳೆಯ ಇಪ್ಪತ್ತರಲ್ಲಿ ಮೊದಲನೆಯದನ್ನು ಹಾಕಿ, ಎರಡೂ ಸ್ಪೀಕರುಗಳ ಸರಿ ನಡುವೆ ಕುರ್ಚಿ ಎಳೆದುಕೊಂಡು ಕುಳಿತರು. ತೊರಕೆಯ ತಿದ್ದುಪಡಿಯನ್ನು ನಿರೀಕ್ಷಾ ಆಗಲೇ ಪುಟಕ್ಕೆ ಹಾಕಿದ್ದಳು. ಸಂಜೆಯ ತನಕ ನಾಲ್ಕು ಆಲ್ಬಮ್ ಮುಗಿಯಿತು, ನಾಲ್ಕು ಕ್ಷಮಾಪಣೆ ಬರೆದಾಯಿತು. ಶೆರ್ವಿನ್ ಬರಲಿಲ್ಲ. ಭಾನುವಾರ ಉಳ್ಳಾಲದ ಶೋಗೂ ಬರಲಿಲ್ಲ.