ಏಳು ಸುತ್ತು ಬಿಳಿ ಟೇಪು

ನಮ್ಮ ಮನೆಯವರು ಪ್ಲಂಬರ್. ನಮ್ಮ ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಈ ಎರಡು ಮಾತನ್ನು ಒಟ್ಟಿಗೆ ಕೇಳಿದವರಿಗೆ ನಗು ಬರುತ್ತದೆ, ನನಗೆ ಮಾತ್ರ ಪಿತ್ತ ನೆತ್ತಿಗೇರುತ್ತಿತ್ತು. ನಲ್ಲಿ ಗೋಡೆಯೊಳಗೆ ಸೇರುವ ಬುಡದಲ್ಲಿ ಒಂದೊಂದೇ ಹನಿ ಮೂಡಿ, ಕೆಳಗಿಳಿದು, ಸಿಂಕಿನ ಹಿಂದೆ ಮಾಯವಾಗುತ್ತಿತ್ತು. ಅದು ಎಲ್ಲಿಗೆ ಹೋಗುತ್ತಿದೆ ಅಂತ ಕೆಳಗಿನ ಮನೆಯ ಟೈಲರಕ್ಕ ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು ಹೇಳಿದಳು.

“ನನ್ನ ಮೇಜಿನ ಮೇಲೆ ನಲವತ್ತು ಬಿಳಿ ಶರ್ಟಿನ ಬಟ್ಟೆ ಕತ್ತರಿಸಿಟ್ಟಿದೀನಿ. ಮೇಲೆ ಛಾವಣಿ ಒದ್ದೆ ಆಗಿದೆ. ಮೂರು ಗಂಟೆ ತನಕ ನೋಡ್ತೀನಿ, ಆಮೇಲೆ ಐದ್ನಿಮಿಷನ್ನ ಕರೆಸ್ತೀನಿ. ಬೇಜಾರು ಮಾಡ್ಕೋಬೇಡಿ.”

ಐದ್ನಿಮಿಷ ಅಂದರೆ ಪಕ್ಕದ ಬೀದಿಯ ಪ್ಲಂಬರ್. ಏನು ಕೇಳಿದರೂ ‘ಐದೇ ನಿಮಿಷ’ ಅಂದು ಅರ್ಧ ದಿನ ಕೂತುಬಿಡುತ್ತಾನೆ, ಅದಕ್ಕೇ ಆ ಹೆಸರು. ಮೂರು ವಾರದ ಹಿಂದೆ ನಮ್ಮವರು ಯಾರದೋ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡ ಮೇಲೆ, ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಅವನ ಕಡೆ ಸರಿಯುತ್ತಿದ್ದರು. ಈಗ ಅವನು ನಮ್ಮ ಮನೆಯ ನಲ್ಲಿಯನ್ನೇ ಸರಿ ಮಾಡಿ ಹೋದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಇಪ್ಪತ್ತೆಂಟು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ನಗೆಪಾಟಲಾಗುತ್ತದೆ. ನಮ್ಮವರು ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಗೋಡೆ ನೋಡುತ್ತ ಕೂತರು.

“ರೀ, ನಾನು ಮಾಡ್ತೀನಿ. ಹೇಗೆ ಅಂತ ಹೇಳಿ.”

“ನೀನಾ?”

“ನಾನೇ. ನನ್ನ ಎರಡು ಕೈಯೂ ನೆಟ್ಟಗಿವೆ.”

ಮೇನ್ ವಾಲ್ವ್ ಮುಚ್ಚಿದೆ. ಅವರು ಹೇಳಿದಂತೆ ಸ್ಪ್ಯಾನರ್ ಹಾಕಿ ನಲ್ಲಿ ಬಿಚ್ಚಿದೆ, ಬುಡದ ತಿರುಪಿನ ಗೆರೆಗಳಿಗೆ, ಅಂದರೆ ಥ್ರೆಡ್ಡಿಗೆ, ಅಂಟಿದ್ದ ಹಳೆಯ ಟೇಪನ್ನು ಕಿತ್ತು ತಂತಿ ಬ್ರಷ್ಷಿನಿಂದ ಉಜ್ಜಿದೆ. ಇಷ್ಟೇನಾ ಇವರ ವಿದ್ಯೆ ಅನ್ನಿಸಿತು. ಆಮೇಲೆ ಅವರು ನನ್ನ ಎದುರಿಗೆ ನೆಲದ ಮೇಲೆ ಕೂತು, ಒಂದು ಹಳೆಯ ನಲ್ಲಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಸೋರಿಕೆ ತಡೆಯುವ ಬಿಳಿ ಟೇಪು ಸುತ್ತಿ ತೋರಿಸಿದರು. ಎಳೆದು ಹಿಡಿದು ಏಳು ಸುತ್ತು. ನಾನೂ ಹಾಗೇ ಸುತ್ತಿದೆ, ನಲ್ಲಿ ಕೂರಿಸಿ ಬಿಗಿ ಮಾಡಿ ನೀರು ಬಿಟ್ಟೆ. ಹನಿ ಮೊದಲಿಗಿಂತ ದಪ್ಪಗೆ ಬಂತು.

“ಸುತ್ತು ಸಾಲದು,” ಅಂದರು.

ಹತ್ತು ಸುತ್ತು ಹಾಕಿದೆ. ಸೋರಿತು.

“ಎಳೆದು ಸುತ್ತು ಅಂದ್ನಲ್ಲ. ದೀಪದ ಬತ್ತಿ ಹೊಸೆದ ಹಾಗೆ ಸುತ್ತಿದೀಯ.”

ಮತ್ತೆ ಎಳೆದು ಸುತ್ತಿದೆ. ಬೆರಳು ಕೆಂಪಾಯಿತು. ಸೋರಿತು. ಅಷ್ಟು ಹೊತ್ತಿಗೆ ಒಂದೂವರೆ. ಅವರು ಬೈದರು, ನಾನೂ ಬಿಡಲಿಲ್ಲ, ಅಕ್ಕಪಕ್ಕದವರಿಗೆ ಕೇಳಿಸುವಷ್ಟು ಆಯಿತು. “ಬಿಡು ಇನ್ನ, ಅವನೇ ಬರಲಿ,” ಅಂದು ಎದ್ದು ಹೋದರು. ಹಾಗಂದಾಗ ಅವರ ದನಿ ಒಡೆದಿತ್ತು. ನನಗೆ ರೋಷ ಉಕ್ಕಿತು. ಅವನು ಬರಬಾರದು, ಅಷ್ಟೇ.

ನಾಲ್ಕನೇ ಸಲ ನಾನೊಬ್ಬಳೇ ಕೂತು, ಆತುರ ಬಿಟ್ಟು, ನಲ್ಲಿಯನ್ನು ನಿಧಾನಕ್ಕೆ ತಿರುಗಿಸುತ್ತ ಬುಡಕ್ಕೆ ಕಣ್ಣಿಟ್ಟು ನೋಡಿದೆ. ನಲ್ಲಿ ಒಳಗೆ ಹೋಗುತ್ತಿದ್ದಂತೆ ಟೇಪಿನ ತುದಿ ಎದ್ದು, ಹೊರಗೆ ಬಂದು ಮುದ್ದೆಯಾಗುತ್ತಿತ್ತು. ನಲ್ಲಿ ತಿರುಗುವುದು ಒಂದು ಕಡೆಗೆ, ನಾನು ಸುತ್ತಿದ್ದು ಇನ್ನೊಂದು ಕಡೆಗೆ. ಆದರೆ ನಾನು ಅವರು ತೋರಿಸಿದಂತೆಯೇ ಸುತ್ತಿದ್ದೆನಲ್ಲ? ಅವರು ಎದುರಿಗೆ ಕೂತಿದ್ದ ಜಾಗ ನೋಡಿದೆ, ನಾನು ಕೂತ ಜಾಗ ನೋಡಿದೆ. ಆಗ ಹೊಳೆಯಿತು.

“ರೀ, ಬನ್ನಿ ಇಲ್ಲಿ. ಎದುರಿಗಲ್ಲ, ನನ್ನ ಪಕ್ಕ ಕೂತು ಸುತ್ತಿ.”

“ಎಲ್ಲಿ ಕೂತ್ರೆ ಏನೇ?”

“ಕೂತು ನೋಡಿ.”

ಕೂತರು. ಸುತ್ತಿದರು. ಅವರ ಎಡಗೈ ಹೋಗುತ್ತಿದ್ದುದು ನಾನು ಬೆಳಿಗ್ಗೆಯಿಂದ ಸುತ್ತಿದ್ದಕ್ಕೆ ಉಲ್ಟಾ. ಎದುರಿಗೆ ಕೂತವರ ಎಡ ನಮ್ಮ ಬಲ ಅಂತ ಇಬ್ಬರಿಗೂ ತೋಚಿರಲಿಲ್ಲ. ಅವರು ಥ್ರೆಡ್ಡನ್ನೂ ಟೇಪನ್ನೂ ಎರಡು ಸಲ ನೋಡಿದರು. ಟೇಪಿನ ಸುರುಳಿಯನ್ನು ನನ್ನ ಕೈಗೆ ಕೊಟ್ಟರು. ತಪ್ಪು ಬಸ್ಸು ಹತ್ತಿದರೂ ಬಸ್ಸಿನದೇ ತಪ್ಪು ಅನ್ನುವ ಮನುಷ್ಯ, ತಪ್ಪೊಪ್ಪಿಕೊಳ್ಳುತ್ತಾರೆ ಅಂತ ನಾನೂ ನಿರೀಕ್ಷಿಸಲಿಲ್ಲ.

ನಾನು ಏಳೇ ಸುತ್ತು ಸುತ್ತಿದೆ. ಈ ಸಲ ಟೇಪು ಥ್ರೆಡ್ಡಿಗೆ ಕಚ್ಚಿಕೊಂಡೇ ಒಳಗೆ ಹೋಯಿತು. “ನಲ್ಲಿಯ ಮೂತಿ ಕೆಳಗೆ ಬಂದ ತಕ್ಷಣ ನಿಲ್ಲಿಸು, ಹಿಂದಕ್ಕೆ ತಿರುಗಿಸಬೇಡ,” ಅಂದರು. ನಿಲ್ಲಿಸಿದೆ. ನೀರು ಬಿಟ್ಟು, ಬುಡಕ್ಕೆ ಹಳೆಯ ಪೇಪರಿನ ತುಂಡು ಒತ್ತಿ ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಹತ್ತು ನಿಮಿಷವಾದರೂ ಪೇಪರು ಗರಿಗರಿಯಾಗಿಯೇ ಇತ್ತು.

ನಾವು ಕೆಳಗೆ ಹೋಗಿ ಹೇಳುವ ಮೊದಲೇ, ಮೂರಕ್ಕೆ ಸರಿಯಾಗಿ ಟೈಲರಕ್ಕನ ಹಿಂದೆ ಐದ್ನಿಮಿಷ ಬಂದ. ಚೀಲ ಕೆಳಗಿಡುವ ಮೊದಲೇ ನಮ್ಮವರ ಕೈ ನೋಡಿ “ಪಾಪ” ಅಂದ. ನನಗೆ ನಖಶಿಖಾಂತ ಉರಿಯಿತು. ಸಿಂಕಿನ ಮೇಲೆ ಬಗ್ಗಿ ನಲ್ಲಿಯ ಬುಡಕ್ಕೆ ಬೆರಳು ಹಾಕಿದ, ಸುತ್ತ ಸವರಿದ, ಬೆರಳನ್ನು ಬೆಳಕಿಗೆ ಹಿಡಿದ. ಒಣ.

“ಈ ಕೈಲಿ ಹೇಗೆ ಮಾಡಿದ್ರಿ ಅಣ್ಣಾ?” ಅಂದ. ಅವನ ದನಿಯಲ್ಲಿ ಈಗ ಪಾಪ ಇರಲಿಲ್ಲ, ಮರ್ಯಾದೆ ಇತ್ತು.

ಎಡಗೈಯಲ್ಲೇ ಮಾಡಿದೆ ಅಂದುಬಿಟ್ಟಿದ್ದರೆ ಸಾಕಿತ್ತು. ಬೀದಿಯೆಲ್ಲ ಒಂದು ವರ್ಷ ಅದನ್ನೇ ಹೇಳಿಕೊಂಡು ಹೊಗಳುತ್ತಿತ್ತು. ಹಾಗಂದರೂ ನನಗೆ ಬೇಜಾರಿರಲಿಲ್ಲ. ಅದಕ್ಕೆಂದೇ ತಾನೇ ನಾನು ಬೆಳಿಗ್ಗೆಯಿಂದ ಒದ್ದಾಡಿದ್ದು. ಅವರು ನನ್ನ ಕಡೆ ನೋಡಿದರು.

“ನಾನಲ್ಲಪ್ಪಾ. ಇವಳು. ನಾನು ಉಲ್ಟಾ ಹೇಳಿಕೊಟ್ಟು ಮೂರು ಸಲ ಕೆಡಿಸಿದೆ. ಎಲ್ಲಿ ತಪ್ಪಿದೆ ಅಂತ ಕಂಡುಹಿಡಿದವಳೂ ಇವಳೇ, ಸೋರೋದು ನಿಲ್ಲಿಸಿದವಳೂ ಇವಳೇ. ಕೈ ಸರಿಯಾದ ಮೇಲೂ ನಾನು ಇವಳನ್ನ ಕೆಲಸಕ್ಕೆ ಕರ್ಕೊಂಡೇ ಹೋಗೋದು.”

ಹೀಗೆ ಹೇಳುವಾಗ ಅವರು ತಲೆ ಎತ್ತಿಕೊಂಡೇ ಇದ್ದರು. ನನ್ನ ಎದೆ ಉಬ್ಬಿತು. ಟೈಲರಕ್ಕ ಬಾಯಿಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಐದ್ನಿಮಿಷ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದ.

ನಾನು ಸೆರಗಿನಿಂದ ಕೈ ಒರೆಸಿಕೊಂಡು, “ನಿಂತ್ಕೊಳ್ಳಪ್ಪಾ,” ಅಂದೆ. “ಇನ್ನೊಂದು ಸಲ ಮುಟ್ಟಿ ನೋಡಿಬಿಟ್ಟು ಹೋಗು.”