ಹೂಂಗುಟ್ಟುವವಳು

ಸಂಜೆ ಅಜ್ಜಿ ದೇವರ ಪದ್ಯ ಹೇಳುವಾಗ ಹೂಂಗುಟ್ಟುವ ಕೆಲಸ ನನ್ನದು. ಪದ್ಯದ ಕೊನೆಗೆ ಹೂಂ ಬೀಳದಿದ್ದರೆ ಅಜ್ಜಿ ಮುಂದಕ್ಕೆ ಹೋಗುವುದಿಲ್ಲ. ಚಿಕ್ಕವಳಿದ್ದಾಗಿನಿಂದ ಹೂಂಗುಟ್ಟಿ ಹೂಂಗುಟ್ಟಿ, ಮನಸ್ಸು ಎಲ್ಲಿ ಅಲೆಯುತ್ತಿದ್ದರೂ ಸರಿಯಾದ ಜಾಗದಲ್ಲಿ ಹೂಂ ತಾನಾಗಿಯೇ ಬೀಳುತ್ತಿತ್ತು. ನಾನು ಅದನ್ನು ಭಕ್ತಿ ಎಂದುಕೊಂಡಿದ್ದೆ.

ಕಾಲೇಜಿನ ಸಂದರ್ಶನಕ್ಕೆ ಹೊರಡುವ ಹಿಂದಿನ ದಿನ ಅಮ್ಮನ ತಮ್ಮ, ನಮ್ಮ ಮಾವ, ಒಂದು ರಟ್ಟಿನ ಚೂರಿನ ಮೇಲೆ ಮೂರು ಪ್ರಶ್ನೆ ಬರೆದುಕೊಟ್ಟರು. ಅವರದು ಬೈಂಡಿಂಗ್ ಅಂಗಡಿ. ಆ ಕಾಲೇಜಿನ ಲೈಬ್ರರಿಯ ಹರಿದ ಪುಸ್ತಕಗಳು ಅವರ ಕೈಗೇ ಬರುತ್ತಿದ್ದವು. "ಕೊನೇಲಿ, ನಿಂದೇನಾದ್ರೂ ಕೇಳೋದಿದೆಯಾ ಅಂತಾರೆ. ಇಲ್ಲ ಅಂದ್ಯೋ, ಸೀಟಿನ ಆಸೆ ಬಿಡು" ಎಂದರು. ಉಳಿದಿದ್ದ ಸೀಟು ಎರಡೇ. ಪದ್ಯ ಕಲಿತ ಹಾಗೆ ಮೂರನ್ನೂ ಬಾಯಿಪಾಠ ಮಾಡಿದೆ.

ಕೋಣೆಯಲ್ಲಿ ವಯಸ್ಸಾದ ಮೇಡಂ ಒಬ್ಬರೇ ಇದ್ದರು. ನನ್ನ ಅಂಕ, ಓದು ಎಲ್ಲ ವಿಚಾರಿಸಿ, ಮಾವ ಹೇಳಿದಂತೆಯೇ ಕೊನೆಗೆ ನಿನ್ನದೇನಾದರೂ ಪ್ರಶ್ನೆ ಇದೆಯೇ ಎಂದರು. ಇಷ್ಟು ವರ್ಷದಲ್ಲಿ ಇಲ್ಲಿ ನಿಮ್ಮ ಮನಸ್ಸಿಗೆ ತಟ್ಟಿದ್ದು ಯಾವುದು ಎಂದು ಮೊದಲನೆಯದನ್ನು ಕೇಳಿದೆ. ಅವರು ಪೆನ್ನು ಕೆಳಗಿಟ್ಟು, ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಬಹಳ ಹೊತ್ತು ಮಾತಾಡಿದರು. ನಾನು ಎರಡನೆಯದನ್ನು ನಾಲಿಗೆಯ ಮೇಲೆ ಉರುಳಿಸಿಕೊಳ್ಳುತ್ತ ಹೂಂಗುಟ್ಟುತ್ತಿದ್ದೆ. ಅವರು ನಿಲ್ಲಿಸಿದ್ದೇ ತಡ, ಕೇಳಿಬಿಟ್ಟೆ.

"ಇಲ್ಲಿನ ಲೈಬ್ರೇರಿಯನ್ ತುಂಬಾ ಓದಿಕೊಂಡವರಂತೆ. ಅವರನ್ನ ಯಾವಾಗ ನೋಡಬಹುದು ಮೇಡಂ?"

ಅವರು ನನ್ನ ಮುಖವನ್ನೇ ನೋಡಿದರು.

"ಅವರು ತೀರಿಕೊಂಡಿದ್ದನ್ನೇ ಅಲ್ವೇನಮ್ಮ ನಾನು ಇಷ್ಟೊತ್ತು ಹೇಳಿದ್ದು? ನೀನೂ ಹೂಂ ಹೂಂ ಅಂದೆಯಲ್ಲ."

ಕೇಳಿಸಿಕೊಳ್ಳಲಿಲ್ಲ ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಹೋಗಬಹುದು ಎಂದರು, ಅಷ್ಟೇ.

ಹೊರಗೆ ಬೆಂಚಿನ ಮೇಲೆ ಮಾವ, ಹೊಸ ರಟ್ಟು ಹಾಕಿದ ದಪ್ಪ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಲೈಬ್ರೇರಿಯನ್ ಎರಡು ತಿಂಗಳ ಹಿಂದೆ ಬೈಂಡಿಂಗಿಗೆ ಕೊಟ್ಟಿದ್ದ ಪುಸ್ತಕ ಅದು.

"ಏನಮ್ಮ, ಮೂರು ಬಾಣಾನೂ ಬಿಟ್ಯಾ?"

ನೆಲ ನೋಡುತ್ತ ಸುದ್ದಿ ಹೇಳಿದೆ. ಅವರ ಕೈ ನಿಘಂಟಿನ ಮೇಲೆ ಹಾಗೇ ನಿಂತಿತು. ಆಮೇಲೆ ಒಂದೊಂದಾಗಿ ಕೇಳಿದರು. ಯಾವಾಗಂತೆ? ಏನಾಗಿತ್ತಂತೆ? ಹತ್ತಿರ ಯಾರಾದರೂ ಇದ್ದರಂತಾ? ಮೇಡಂ ಎಲ್ಲ ಹೇಳಿರಬೇಕು. ಎಲ್ಲದಕ್ಕೂ ಹೂಂ ಅಂದಿದ್ದೆ, ಒಂದೂ ಕಿವಿಗೆ ಬಿದ್ದಿರಲಿಲ್ಲ.

ಮತ್ತೆ ಒಳಗೆ ಹೋದರೆ ಸೀಟಿಗಾಗಿ ಗೋಗರೆಯಲು ಬಂದಳು ಎಂದುಕೊಳ್ಳುತ್ತಾರೆ. ಆದರೂ ಸರದಿಯಲ್ಲಿದ್ದವರೆಲ್ಲ ಮುಗಿದ ಮೇಲೆ ಹೋಗಿ ಬಾಗಿಲಲ್ಲಿ ನಿಂತೆ.

"ಸೀಟಿಗಲ್ಲ ಮೇಡಂ. ಅವರ ವಿಷಯ ಇನ್ನೊಂದ್ಸಲ ಹೇಳ್ತೀರಾ? ಪುಸ್ತಕ ಬೈಂಡ್ ಮಾಡೋರು, ನಮ್ಮಾವ, ಹೊರಗಿದಾರೆ."

ಅವರು ಮಾವನನ್ನು ಕರೆಸಿ, ಕೂರಿಸಿ, ಅವರಿಗೇ ಹೇಳಿದರು. ಹೋದ ತಿಂಗಳು, ಲೈಬ್ರರಿ ಬಾಗಿಲು ಹಾಕುವ ಹೊತ್ತಂತೆ. ಪುಸ್ತಕವೊಂದನ್ನು ಕಪಾಟಿಗೆ ಸೇರಿಸಿ ಸ್ಟೂಲಿನ ಮೇಲೆ ಕೂತವರು ಏಳಲಿಲ್ಲವಂತೆ. ಆಗ ಹತ್ತಿರ ಯಾರೂ ಇರಲಿಲ್ಲ. ಮೇಜಿನ ಮೇಲೆ, ನಿಘಂಟಿಗೆ ಅವಸರ ಮಾಡಬಾರದು, ಬೈಂಡಿಂಗಿನವರ ಕೆಲಸ ನಿಧಾನ ಆದರೂ ಗಟ್ಟಿ ಎಂದು ಬರೆದ ಚೀಟಿಯಿತ್ತಂತೆ. ಮಾವ ನಿಘಂಟನ್ನು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡರು. ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ಇಬ್ಬರೂ ನೋಡಲಿಲ್ಲ.

ಮೂರನೆಯ ದಿನ ಪಟ್ಟಿ ಹಾಕಿದರು. ನನ್ನ ಹೆಸರಿರಲಿಲ್ಲ.

ಆ ಸಂಜೆ ಅಜ್ಜಿ ಮೊದಲ ಪದ್ಯ ಮುಗಿಸಿ ಕಾದರು. ನಾನು ಹೂಂ ಅನ್ನಲಿಲ್ಲ.

"ನಿದ್ದೆ ಬಂತೇನೇ?"

"ಇಲ್ಲ ಅಜ್ಜಿ. ಅದನ್ನೇ ಇನ್ನೊಂದ್ಸಲ ಹೇಳು. ಎರಡನೇ ಸಾಲು, ಹಾಗಂದ್ರೆ ಏನು?"

ಅಜ್ಜಿ ನನ್ನನ್ನು ದಿಟ್ಟಿಸಿದರು. ಹತ್ತು ವರ್ಷದಿಂದ ಆ ಪದ್ಯಕ್ಕೆ ನಾನು ಹೂಂ ಅನ್ನುತ್ತ ಬಂದಿದ್ದೆ.